ನಲವತ್ತು ನಿಮಿಷ

ಫೆಬ್ರವರಿ 9, ಸೋಮವಾರ

ಆಗಲಿಲ್ಲವಂತೆ. ನನ್ನ ಕೈಯಲ್ಲಿ ಇಪ್ಪತ್ತಾರು ಸಲ ಆದದ್ದು ಆ ಮನುಷ್ಯನ ಕೈಯಲ್ಲಿ ಒಂದು ಸಲವೂ ಆಗಲಿಲ್ಲವಂತೆ. ಮೂರು ಹಾಳೆಯ ರಿಪೋರ್ಟು ತಂದು ನನ್ನ ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದ. ಮೊದಲ ಸಾಲೇ ‘ನಲವತ್ತು ನಿಮಿಷಕ್ಕೆ ಗಟ್ಟಿಯಾಗಲಿಲ್ಲ.’ ಮೈಯೆಲ್ಲ ಉರಿದುಹೋಯಿತು. ಅದರ ಮುಂದೆ ಓದುವುದಕ್ಕೆ ಇನ್ನೇನಿದೆ? ಡ್ರಾಯರಿಗೆ ಎಸೆದು ದಬ್ಬಿದೆ.

ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಕರೆಯುವುದೇ ‘ಮತ್ತೊಮ್ಮೆ’ ಎಂದು. ಬೇರೆಯವರು ಮಾಡಿದ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡುವುದೇ ಅವನ ನೌಕರಿ. ಸ್ವಂತದ್ದು ಎಂದು ಈ ಮೂವತ್ತು ವರ್ಷದಲ್ಲಿ ಒಂದನ್ನೂ ಮಾಡಿದವನಲ್ಲ. ಏಪ್ರಿಲ್‌ಗೆ ನಿವೃತ್ತಿ. ಹೋಗುವ ಮುಂಚೆ ನನ್ನ ನಾಲ್ಕು ವರ್ಷಕ್ಕೆ ಮಣ್ಣು ಹಾಕಿ ಹೋಗೋಣ ಎಂದುಕೊಂಡಿದ್ದಾನೆ.

ನಾಲ್ಕು ವರ್ಷ! ಮೈಯೊಳಗೆ ತಾನೇ ಕರಗಿಹೋಗುವ ಹೊಲಿಗೆ ದಾರ, ಮಣ್ಣಿನಲ್ಲಿ ಕರಗುವ ಚೀಲ, ಎಲ್ಲಕ್ಕೂ ಒಂದೇ ಬಗೆಯ ಬಿಳಿ ಹರಳು ಬೇಕು. ಅದನ್ನು ಕರಗಿಸಿ ಪ್ಲಾಸ್ಟಿಕ್ ಮಾಡಲು ಇಲ್ಲಿ ಎಲ್ಲರೂ ತವರದ ಲವಣ ಹಾಕುತ್ತಾರೆ. ಕೆಲಸ ಬೇಗ ಆಗುತ್ತದೆ, ಆದರೆ ತವರದ ಅಂಶ ಪ್ಲಾಸ್ಟಿಕ್ಕಿನಲ್ಲೇ ಉಳಿದುಬಿಡುತ್ತದೆ. ಹಸುಗೂಸಿನ ಹೊಟ್ಟೆಯೊಳಗೆ ಹೊಲಿಯುವ ದಾರದಲ್ಲಿ ಅದು ಯಾಕಿರಬೇಕು? ನಾನು ತವರವನ್ನು ಬಿಟ್ಟು ಸತುವಿನಿಂದ ವೇಗವರ್ಧಕ ಮಾಡಿದೆ. ಒಂದು ಚಿಟಿಕೆ ಪುಡಿ ಸಾಕು. ಕರಗಿದ ಹರಳು ಮೊದಲು ನೀರಿನ ಹಾಗಿರುತ್ತದೆ, ಆಮೇಲೆ ಜೇನಿನ ಹಾಗೆ ಆಗುತ್ತದೆ, ಕೊನೆಗೆ ಒಳಗೆ ಕಲಕುತ್ತಾ ತಿರುಗುವ ಮ್ಯಾಗ್ನೆಟ್ಟೇ ಸಿಕ್ಕಿಕೊಂಡು ನಿಂತುಬಿಡುತ್ತದೆ. ಮ್ಯಾಗ್ನೆಟ್ ನಿಂತರೆ ಪ್ಲಾಸ್ಟಿಕ್ ಆಯಿತು ಎಂದು ಲೆಕ್ಕ. ನಲವತ್ತು ನಿಮಿಷ. ತವರದಷ್ಟೇ ವೇಗ.

ಮಾರ್ಚ್ ಆರಕ್ಕೆ ದಾರದ ಕಂಪನಿಯವರು ಒಪ್ಪಂದಕ್ಕೆ ಬರುತ್ತಾರೆ. ಅದಕ್ಕೆ ಮುಂಚೆ ಮತ್ತೊಮ್ಮೆಯ ಸಹಿ ಬೇಕು, ಅದು ಸಂಸ್ಥೆಯ ನಿಯಮ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನನ್ನ ಪುಡಿ ಡೊಂಕು ಅನ್ನುತ್ತಾನೆ.

ಫೆಬ್ರವರಿ 10, ಮಂಗಳವಾರ

ಅತ್ತೆಯ ಹತ್ತಿರ ಹೇಳಿಕೊಂಡದ್ದೇ ತಪ್ಪಾಯಿತು. ಅವರು ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವರು. ಸೊಸೆಯ ಕಡೆ ನಿಲ್ಲುತ್ತಾರೆ ಅಂದುಕೊಂಡರೆ, ಬಟಾಣಿ ಸುಲಿಯುತ್ತಾ ಮತ್ತೊಮ್ಮೆಯ ವಕಾಲತ್ತು ಶುರು ಮಾಡಿದರು. ಹೊಟ್ಟೆ ಮುಚ್ಚುವ ಮೊದಲು ಸೂಜಿ, ಹತ್ತಿ, ಕತ್ತರಿ ಎಲ್ಲವನ್ನೂ ಮೂರು ಸಲ ಎಣಿಸುತ್ತಿದ್ದರಂತೆ.

“ಇನ್ನೊಂದ್ಸಲ ಎಣಿಸ್ತೀನಿ ಅಂದ್ರೆ ಕೆಲವು ಡಾಕ್ಟರಿಗೆ ಕೋಪ ಬರ್ತಿತ್ತು ಕಣೆ. ಅವರಿಗೆ ಕೋಪ ಬಂದ ದಿನ ನಾನು ನಾಲ್ಕ್ ಸಲ ಎಣಿಸ್ತಿದ್ದೆ.”

ನಾನೇನು ಹೊಟ್ಟೆಯೊಳಗೆ ಕತ್ತರಿ ಬಿಟ್ಟಿದ್ದೇನೆಯೇ ಎಂದು ಕೇಳಿದೆ. ನನಗೇನು ಗೊತ್ತು, ಎಣಿಸಿದವರನ್ನು ಕೇಳು ಅಂದರು. ಗಂಡ ಪೇಪರಿನ ಹಿಂದೆ ನಗುತ್ತಿದ್ದುದು ಪೇಪರು ಅಲ್ಲಾಡಿದಾಗಲೇ ಗೊತ್ತಾಯಿತು. ರೈಲು ಓಡಿಸುವವನಿಗೆ ಮನೆಯಲ್ಲಿರುವ ದಿನ ಪೇಪರೇ ಕೋಟೆ.

ಫೆಬ್ರವರಿ 12, ಗುರುವಾರ

ಇವತ್ತು ಅವನ ಎದುರಿಗೇ ಮಾಡಿದೆ. ಅವನ ಕೋಣೆಯಲ್ಲಿ, ಅವನ ಫ್ಲಾಸ್ಕಿನಲ್ಲಿ, ಅವನೇ ತೂಗಿಕೊಟ್ಟ ಹರಳಿನಲ್ಲಿ. ಏಪ್ರನ್ ಜೇಬಿನಿಂದ ನನ್ನ ಮ್ಯಾಗ್ನೆಟ್ ತೆಗೆದು ಹಾಕಿದೆ. ಮಾತ್ರೆಯಷ್ಟು ಉದ್ದದ, ಬಿಳಿ ಹೊದಿಕೆಯದು. ಆರು ವರ್ಷದಿಂದ ನನ್ನ ಜೊತೆಗಿದೆ. ತವರದ ಕಾಲದಿಂದಲೂ ಅದೇ. ಬಿಳಿ ಈಗ ಬೂದು ಆಗಿದೆ ಅಷ್ಟೆ. ಯಾರಿಗೂ ಕೊಡುವುದಿಲ್ಲ. ಒಳ್ಳೆಯ ಅಡಿಗೆಯವರು ತಮ್ಮ ಸೌಟನ್ನು ಕೊಡುತ್ತಾರೆಯೇ?

ಮೂವತ್ತೆಂಟು ನಿಮಿಷಕ್ಕೆ ಮ್ಯಾಗ್ನೆಟ್ ಟಕ್ ಎಂದು ನಿಂತಿತು. ನಾನು ಕೈಕಟ್ಟಿ ನಿಂತೆ. ಈಗ ಏನಂತೀರಿ ಎಂದು ಕೇಳಲೂ ಇಲ್ಲ, ಅಷ್ಟು ಮರ್ಯಾದೆ ನನಗಿದೆ.

ಅವನು ಗಡಿಯಾರ ನೋಡಿದ, ಫ್ಲಾಸ್ಕ್ ನೋಡಿದ, ಬರೆದುಕೊಂಡ. ಕಿಟಕಿ ತೆರೆದಿತ್ತು ಎಂಬುದನ್ನೂ ಬರೆದುಕೊಂಡ. ಆಮೇಲೆ “ಮ್ಯಾಗ್ನೆಟ್ ನಿಮ್ದೇನಾ ಮೇಡಂ?” ಎಂದು ಕೇಳಿದ. ನಿಮ್ಮ ಪೆನ್ನು ನಿಮ್ಮದೇ ತಾನೇ ಎಂದೆ. ಅದನ್ನೂ ಬರೆದುಕೊಂಡನೋ ಏನೋ. ಎಲೆ ಎತ್ತು ಎಂದರೆ ಉಂಡವರೆಷ್ಟು ಎಂದು ಎಣಿಸುವ ಜಾತಿ.

ಫೆಬ್ರವರಿ 17, ಮಂಗಳವಾರ

ಮತ್ತೆ ಮೂರು ಹಾಳೆ. ಮತ್ತೆ ಅದೇ ಮೊದಲ ಸಾಲು. ನಾನು ಅವನ ಕಣ್ಣೆದುರೇ ಮಾಡಿ ತೋರಿಸಿದ ಮೇಲೂ! ಅದೂ ಡ್ರಾಯರಿಗೆ ಹೋಯಿತು.

ಸೀದಾ ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ಏನು ಕೇಳಿದರೂ ‘ಆಗುತ್ತೆ, ಆಗುತ್ತೆ’ ಎನ್ನುವ ಪುಣ್ಯಾತ್ಮ. ಆಗುವ ದಿನ ಮಾತ್ರ ಯಾವತ್ತೂ ಬಂದಿಲ್ಲ. ಇವತ್ತು ಮಾತ್ರ ಕುರ್ಚಿಯಿಂದ ಮುಂದೆ ಬಾಗಿ ಕೇಳಿಸಿಕೊಂಡರು. ದೂರು ಬರೆದು ಕೊಡಿ, ಮೇಲಿನವರ ಹತ್ತಿರ ಮಾತಾಡುತ್ತೇನೆ ಅಂದರು. ಅಲ್ಲೇ ಕೂತು ಬರೆದೆ. ವಯಸ್ಸಾಗಿದೆ, ಗಮನ ಸಾಲದು, ತೂಕದಲ್ಲಿ ತಪ್ಪುತ್ತಿರಬಹುದು. ಕೊನೆಗೆ ಒಂದು ಸಾಲು: ‘ಇವರ ಕೈ ಸರಿಯಿಲ್ಲ.’ ನಮ್ಮ ಕೆಲಸದಲ್ಲಿ ಒಬ್ಬರನ್ನು ಇದಕ್ಕಿಂತ ಕೆಟ್ಟದಾಗಿ ಬೈಯಲು ಬರುವುದಿಲ್ಲ.

ಅತ್ತೆಗೆ ಹೇಳಿದೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಕಣೆ ಅಂದರು. ನನ್ನ ಮೂಗೋ ಅವನ ಮೂಗೋ ಎಂದು ಕೇಳಿದೆ.

ಫೆಬ್ರವರಿ 18, ಬುಧವಾರ

ಚೆನ್ನಾಗಿ ನಿದ್ದೆ ಬಂತು.

ಫೆಬ್ರವರಿ 23, ಸೋಮವಾರ

ಮತ್ತೊಮ್ಮೆಯನ್ನು ನೆಲಮಾಳಿಗೆಯ ಸ್ಟೋರಿಗೆ ಹಾಕಿದರು. ನಿವೃತ್ತಿಯವರೆಗೆ ಬಾಟಲಿ ಎಣಿಸಿಕೊಂಡಿರಬೇಕು. ಒಳ್ಳೆಯದೇ ಆಯಿತು, ಎಣಿಸುವುದು ಅವನಿಗೆ ಇಷ್ಟ ತಾನೇ. ಆರನೇ ತಾರೀಖು ನಮ್ಮ ಮುಖ್ಯಸ್ಥರು, ಆ ‘ಆಗುತ್ತೆ ಸರ್’, ಸ್ವತಃ ಸಾಕ್ಷಿಯಾಗಿ ನಿಂತು ಸಹಿ ಹಾಕುತ್ತಾರಂತೆ.

ನನ್ನ ಪುಡಿ ಇಟ್ಟಿರುವ ಪ್ರಯೋಗಕೋಣೆಯ ಕೀಲಿ ಕೊಡಲು ಬಂದಿದ್ದ. ಬಾಗಿಲಲ್ಲೇ ನಿಂತು ಕೇಳಿದ:

“ನನ್ನ ರಿಪೋರ್ಟು ಪೂರ್ತಿ ಓದಿದ್ರಾ ಮೇಡಂ?”

ಓದಿದೆ ಅಂದೆ. ತಲೆಯಾಡಿಸಿ ಹೋದ. ಏನೋ ಒಂದು ನಮೂನೆ ನೋಡಿದ. ದೂರಿನ ಪ್ರತಿ ಅವನಿಗೂ ಕೊಟ್ಟಿರುತ್ತಾರೆ, ಅದಕ್ಕೇ ಇರಬೇಕು. ನೋಡಲಿ. ನನಗೇನು ಭಯವೇ?

ಮಾರ್ಚ್ 2, ಸೋಮವಾರ

ಯಾರೋ ನನ್ನ ಪುಡಿ ಮುಟ್ಟಿದ್ದಾರೆ. ಯಾರೋ ಏನು, ಯಾರೆಂದು ನನಗೆ ಗೊತ್ತು.

ಇವತ್ತು ಆಗುತ್ತೆ ಸರ್ ಎದುರಿಗೆ ತಾಲೀಮು. ಶನಿವಾರ ಏಪ್ರನ್ ಒಗೆಯಲು ಮನೆಗೆ ತೆಗೆದುಕೊಂಡು ಹೋಗಿದ್ದೆ, ಬೇರೆ ಏಪ್ರನ್ ಹಾಕಿಕೊಂಡು, ಡಬ್ಬಿಯಿಂದ ಒಂದು ಹೊಸ ಮ್ಯಾಗ್ನೆಟ್ ತೆಗೆದು ಶುರುಮಾಡಿದೆ. ನಲವತ್ತು ನಿಮಿಷ, ನೀರು. ಒಂದು ಗಂಟೆ, ನೀರು. ಮ್ಯಾಗ್ನೆಟ್ ಗಿರಗಿರ ತಿರುಗುತ್ತಲೇ ಇದೆ. ಆಗುತ್ತೆ ಸರ್ ಆಗುತ್ತೆ ಎನ್ನುವುದನ್ನೇ ನಿಲ್ಲಿಸಿಬಿಟ್ಟರು. ಹೀಟರ್ ಆರಿಸಿ ನೆಲಮಾಳಿಗೆಗೆ ಇಳಿದೆ.

ಸ್ಟೋರಿನಲ್ಲಿ ಇಬ್ಬರು ಗುಮಾಸ್ತರಿದ್ದರು, ಅವರ ಎದುರಿಗೇ ಕೂಗಾಡಿದೆ. ಹೊಟ್ಟೆಕಿಚ್ಚು ಅಂದೆ. ನನ್ನ ಪುಡಿಗೆ ಏನು ಬೆರೆಸಿದಿರಿ ಅಂದೆ. ಸ್ವಂತದ್ದು ಏನೂ ಮಾಡದವರಿಗೆ ಮಾಡುವವರನ್ನು ಕಂಡರೆ ಆಗುವುದಿಲ್ಲ ಅಂದೆ. ಅವನು ಕೈಯಲ್ಲಿದ್ದ ಬಾಟಲಿಯನ್ನು ಜಾಗದಲ್ಲಿಟ್ಟ, ಪಟ್ಟಿಯಲ್ಲಿ ಗುರುತು ಹಾಕಿದ.

“ಆ ರೂಮಿನ ಕೀ ನಿಮ್ಮ ಕೈಗೇ ಕೊಟ್ಟೆನಲ್ಲ ಮೇಡಂ.”

ಹೌದು, ಕೊಟ್ಟಿದ್ದ. ನನ್ನ ಪರ್ಸಿನಲ್ಲೇ ಇದೆ. ಅದು ನೆನಪಾದ ಮೇಲೆ ಇನ್ನೂ ಸಿಟ್ಟು ಬಂತು.

ಅದೇ ದಿನ, ಸಂಜೆ

ಮನೆಗೆ ಬಂದಾಗ ಬಟ್ಟೆ ಒಗೆಯುವ ಮೆಷಿನ್ ಟಕಟಕ ಎಂದು ಹೊಡೆದುಕೊಳ್ಳುತ್ತಿತ್ತು. ಒಳಗೆ ಕಲ್ಲು ಹಾಕಿದ್ದೀಯೇನೆ ಎಂದು ಅತ್ತೆ ಅಡಿಗೆಮನೆಯಿಂದ ಕೂಗಿದರು. ನಿಲ್ಲಿಸಿ ನೋಡಿದರೆ ನನ್ನ ಏಪ್ರನ್ನಿನ ಜೇಬಿನಲ್ಲಿ ನನ್ನ ಮ್ಯಾಗ್ನೆಟ್. ಕೈಯಲ್ಲಿ ಹಿಡಿದು ಮುತ್ತು ಕೊಡುವುದೊಂದು ಬಾಕಿ. ಅಯ್ಯೋ ನನ್ನ ಚಿನ್ನ, ನೀನಿಲ್ಲದೆ ಇವತ್ತು ಎಲ್ಲಾ ಕೆಟ್ಟುಹೋಯಿತಲ್ಲ ಅಂದುಕೊಂಡೆ.

ಹಾಗೆ ಅಂದುಕೊಂಡು ಅಲ್ಲೇ ನಿಂತೆ.

ಮ್ಯಾಗ್ನೆಟ್ ಬರೀ ಕಲಕುತ್ತದೆ. ಯಾವುದು ಕಲಕಿದರೇನು?

ಬಾಲ್ಕನಿಯ ಬೆಳಕಿಗೆ ಹಿಡಿದು ನೋಡಿದೆ. ಹೊದಿಕೆಯ ತುಂಬ ಕೂದಲೆಳೆಯಂಥ ಗೀರುಗಳು. ಗೀರುಗಳಲ್ಲಿ ಬೂದು ಬಣ್ಣ. ಹೋಲಿಸಿ ನೋಡಲು ವಾರಕ್ಕೊಮ್ಮೆ ತವರದಿಂದಲೂ ಪ್ಲಾಸ್ಟಿಕ್ ಮಾಡುತ್ತೇನೆ. ಅದಕ್ಕೂ ಇದೇ

ಇದನ್ನು ಇವತ್ತು ಬರೆಯುವುದಿಲ್ಲ.

ಮಾರ್ಚ್ 3, ಮಂಗಳವಾರ

ಎರಡು ಫ್ಲಾಸ್ಕ್ ಇಟ್ಟೆ. ಎರಡರಲ್ಲೂ ಬರೀ ಹರಳು. ಪುಡಿ ಹಾಕಲಿಲ್ಲ. ಒಂದಕ್ಕೆ ಹೊಸ ಮ್ಯಾಗ್ನೆಟ್, ಇನ್ನೊಂದಕ್ಕೆ ನನ್ನದು.

ಹೊಸದು ಸಂಜೆಯವರೆಗೂ ತಿರುಗುತ್ತಿತ್ತು.

ನನ್ನದು ಐವತ್ತೆರಡು ನಿಮಿಷಕ್ಕೆ ನಿಂತಿತು.

ಮಾರ್ಚ್ 4, ಬುಧವಾರ

ಬೆಳಿಗ್ಗೆ ಬೀರುವಿನಲ್ಲಿದ್ದ ಹಳೆಯ ಪ್ಲಾಸ್ಟಿಕ್ ತುಂಡುಗಳನ್ನು ಪರೀಕ್ಷಾ ಕೇಂದ್ರಕ್ಕೆ ಹೊತ್ತುಕೊಂಡು ಹೋಗಿ ಎದುರಿಗೆ ಕೂತು ಪರೀಕ್ಷೆ ಮಾಡಿಸಿದೆ. ಎಲ್ಲದರಲ್ಲೂ ತವರ ಇದೆ, ನನ್ನ ಮ್ಯಾಗ್ನೆಟ್ಟಿನ ಗೀರುಗಳಲ್ಲಿ ಕೂತಿದ್ದದ್ದು. ಇಷ್ಟು ದಿನ ನಾವು ಪರೀಕ್ಷೆಗೆ ಕಳಿಸುತ್ತಿದ್ದುದು ಪುಡಿಯನ್ನು, ಪ್ಲಾಸ್ಟಿಕ್ಕನ್ನಲ್ಲ. ಪುಡಿಯಲ್ಲೇ ಇಲ್ಲದ ತವರ ಪ್ಲಾಸ್ಟಿಕ್ಕಿಗೆ ಎಲ್ಲಿಂದ ಬರುತ್ತದೆ ಎಂಬ ಜಾಣತನ. ನನ್ನದೇ ಜಾಣತನ.

ಆಗುತ್ತೆ ಸರ್‌ಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬಾಗಿಲು ಹಾಕಿ ಬಂದು, ಸಮಾಧಾನವಾಗಿ ಕೇಳಿದರು.

“ಆ ಹಳೇ ಮ್ಯಾಗ್ನೆಟ್ ಈಗ ಎಲ್ಲಿದೆ?”

ನನ್ನ ಜೇಬಿನಲ್ಲಿದೆ ಅಂದೆ.

“ಶುಕ್ರವಾರ ಅದನ್ನೇ ಹಾಕಿಬಿಡಮ್ಮ. ಸಹಿ ಒಂದು ಆಗಲಿ, ಆಮೇಲೆ ನಿಧಾನವಾಗಿ ಸರಿ ಮಾಡ್ಕೊಳ್ಳೋಣ. ಮ್ಯಾಗ್ನೆಟ್ ಯಾವುದು ಅಂತ ಯಾರು ಕೇಳ್ತಾರೆ?”

ಒಬ್ಬರು ಕೇಳಿದ್ದರು. ಕೇಳಿದವರನ್ನು ನೆಲಮಾಳಿಗೆಗೆ ಹಾಕಿಸಿದ್ದೇನೆ.

ಅದು ಕೂಸುಗಳ ಹೊಟ್ಟೆಗೆ ಹೋಗುವ ದಾರ ಸರ್ ಅಂದೆ. ಈಗಲೂ ತವರದ ದಾರವೇ ತಾನೇ ಹೋಗುತ್ತಿರುವುದು, ಲೋಕವೇನೂ ಮುಳುಗಿಲ್ಲವಲ್ಲ ಅಂದರು. ನನ್ನ ನೌಕರಿಯ ನವೀಕರಣದ ಕಾಗದ ಅವರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅದರ ಮೇಲೆ ಬೆರಳಿಟ್ಟು ಟಪಟಪ ತಟ್ಟಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ನನ್ನ ಮೇಜಿಗೆ ಬಂದು ಡ್ರಾಯರ್ ಎಳೆದೆ. ಎರಡೂ ರಿಪೋರ್ಟು ತೆಗೆದೆ.

ಎರಡನೇ ರಿಪೋರ್ಟಿನ ಎರಡನೇ ಪುಟ. ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: ‘ಅವರು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಒಂದೇ ವ್ಯತ್ಯಾಸ. ಅವರ ಮ್ಯಾಗ್ನೆಟ್ ಹಳೆಯದು, ಬೂದು ಕಲೆಗಳಿವೆ. ನನ್ನದು ಹೊಸದು. ಅದನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.’ ಬೆರಳಿಟ್ಟು ತೋರಿಸಿದ್ದಾರೆ. ಹದಿನೇಳನೇ ತಾರೀಖು. ನಾನು ದೂರು ಬರೆದ ದಿನ.

ಆಮೇಲೆ ಮೊದಲನೇ ರಿಪೋರ್ಟಿನ ಮೂರನೇ ಪುಟ ಓದಿದೆ. ‘ನಲವತ್ತು ನಿಮಿಷದ ನಂತರವೂ ಹೀಟರ್ ಆರಿಸಲಿಲ್ಲ. ಹನ್ನೊಂದು ಗಂಟೆ ಕಳೆದ ಮೇಲೆ ಮ್ಯಾಗ್ನೆಟ್ ನಿಂತಿತು. ಮೂರು ಸಲವೂ ಹಾಗೇ ಆಯಿತು. ಪುಡಿ ಇಲ್ಲದೆ ಮಾಡಿದಾಗ ಆಗಲಿಲ್ಲ. ಆದ್ದರಿಂದ ಪುಡಿ ಕೆಲಸ ಮಾಡುತ್ತದೆ. ನಿಧಾನ.’

ಪುಡಿ ಕೆಲಸ ಮಾಡುತ್ತದೆ.

ಫೆಬ್ರವರಿ ಒಂಬತ್ತರಿಂದ ಈ ಸಾಲು ನನ್ನ ಮೊಣಕಾಲಿನ ಹತ್ತಿರ, ಡ್ರಾಯರಿನಲ್ಲಿ ಬಿದ್ದಿತ್ತು. ನಲವತ್ತು ನಿಮಿಷದ ಆಚೆ ಏನಿದೆಯೆಂದು ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಕಾದು ನೋಡಿರಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೊಬ್ಬಳೇ ಇರಬೇಕು. ಆಗುತ್ತೆ ಸರ್ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಬಾಯಿಬಿಟ್ಟು ಹೇಳದೆ ಬರೆದು ಕೊಟ್ಟ ಅವರ ಮೇಲೂ ಸಿಟ್ಟು. ಯಾವುದನ್ನೂ ಕಡಿಮೆ ಮಾಡಿಕೊಳ್ಳುವ ಮನಸ್ಸಿಲ್ಲ.

ಮಾರ್ಚ್ 5, ಗುರುವಾರ

ದೂರನ್ನು ವಾಪಸ್ ತೆಗೆದುಕೊಂಡು ನಿರ್ದೇಶಕರಿಗೆ ಪತ್ರ ಬರೆದೆ. ನಾಲ್ಕು ಸಲ ಹರಿದು ಐದನೇ ಸಲ ಬರೆದದ್ದು. ತಪ್ಪು ಮ್ಯಾಗ್ನೆಟ್ಟಿನದು ಎಂದು ಬರೆದಿದ್ದೆ, ಅದನ್ನು ಹೊಡೆದುಹಾಕಿ ನನ್ನದು ಎಂದು ಬರೆದೆ. ಒಂದು ಪ್ರತಿ ಸ್ಟೋರಿಗೆ. ನಾನೇ ಕೊಡಬೇಕೆಂದು ಮೆಟ್ಟಿಲವರೆಗೆ ಹೋದೆ, ಇಳಿಯಲಾಗಲಿಲ್ಲ. ಟಪಾಲಿನವನ ಕೈಗೆ ಕೊಟ್ಟೆ.

ಅತ್ತೆ ಕೇಳಿದರು, ನಾಳೆ ಯಾವ ಮ್ಯಾಗ್ನೆಟ್ ಹಾಕುತ್ತೀ ಎಂದು. ತಲೆಯೆತ್ತದೆ ಅನ್ನ ಕಲಸುತ್ತಾ ಕೂತೆ. ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು. ಕೇಳಿದ್ದಕ್ಕೆ ಉತ್ತರ ಸಿಕ್ಕಿದ ಹಾಗೆ ಎದ್ದು ಹೋದರು.

ಮಾರ್ಚ್ 6, ಶುಕ್ರವಾರ

ಬೆಳಿಗ್ಗೆ ಏಳು ಗಂಟೆಗೇ ಶುರುಮಾಡಿದೆ. ಹೊಸ ಫ್ಲಾಸ್ಕ್, ಹೊಸ ಮ್ಯಾಗ್ನೆಟ್, ನನ್ನ ಪುಡಿ. ಹಳೆಯ ಮ್ಯಾಗ್ನೆಟ್ಟನ್ನು ಒಂದು ಗಾಜಿನ ಶೀಶೆಯಲ್ಲಿ ಹಾಕಿ ಮೇಜಿನ ನಡುವೆ ಇಟ್ಟೆ.

ಹತ್ತಕ್ಕೆ ದಾರದ ಕಂಪನಿಯ ಹೆಂಗಸು ಬಂದರು, ನನ್ನಷ್ಟೇ ವಯಸ್ಸು, ಮಾತು ಕಡಿಮೆ. ಆಗುತ್ತೆ ಸರ್ ಫ್ಲಾಸ್ಕ್ ನೋಡಿದರು, ಶೀಶೆ ನೋಡಿದರು, ಮುಖ ಸುಣ್ಣದ ಹಾಗಾಯಿತು. ನಾನು ಮೊದಲಿನಿಂದ ಹೇಳಿದೆ. ನಿಮಗೆ ಕಳಿಸಿದ ಎಲ್ಲ ತುಂಡಿನಲ್ಲೂ ತವರವಿದೆ, ದಾರ ಮಾಡಬೇಡಿ, ವಾಪಸ್ ಕಳಿಸಿ ಅಂದೆ. ತವರವಿಲ್ಲದ್ದು ಇಲ್ಲಿ ತಿರುಗುತ್ತಿದೆ, ಸಂಜೆ ಆರಕ್ಕೆ ಆಗುತ್ತದೆ ಅಂದೆ. ಆಗುತ್ತದೆ ಎಂಬ ಮಾತನ್ನು ಈ ಕಟ್ಟಡದಲ್ಲಿ ಒಬ್ಬರು ಗ್ಯಾರಂಟಿಯಾಗಿ ಹೇಳಿದ್ದು ಇದೇ ಮೊದಲು ಇರಬೇಕು.

ಆ ಹೆಂಗಸು ಶೀಶೆ ಎತ್ತಿ ಬೆಳಕಿಗೆ ಹಿಡಿದರು. ಹನ್ನೊಂದು ಗಂಟೆಯ ಕೆಲಸ ನಮ್ಮ ಕಾರ್ಖಾನೆಗೆ ಆಗುವುದಿಲ್ಲ, ಎರಡು ಗಂಟೆಗೆ ಇಳಿದ ದಿನ ಕರೆಯಿರಿ ಅಂದರು. ಫೈಲು ಮುಚ್ಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಗಿಲ ಹತ್ತಿರ ತಿರುಗಿ, ಹೇಳಿದ್ದು ಒಳ್ಳೆಯದಾಯಿತು ಅಂದರು. ಆಕೆಯನ್ನು ಬೀಳ್ಕೊಡಲು ಹೋದ ಆಗುತ್ತೆ ಸರ್ ಮತ್ತೆ ಬರಲಿಲ್ಲ. ನನ್ನ ನವೀಕರಣದ ಕಾಗದ ಏನಾಯಿತೋ. ಕಾದರೆ ಕಾಯಲಿ.

ಊಟಕ್ಕೂ ಹೋಗಲಿಲ್ಲ, ಸ್ಟೂಲ್ ಎಳೆದುಕೊಂಡು ಕೂತೆ. ನೀರು, ನೀರು, ನೀರು. ಮೂರು ಗಂಟೆಯ ಹೊತ್ತಿಗೆ ಎಣ್ಣೆ. ಐದಕ್ಕೆ ಸ್ಟೋರ್ ಮುಚ್ಚಿದ ಮೇಲೆ ಅವರು ಬಂದರು. ನನ್ನ ಪತ್ರ ಅವರ ಜೇಬಿನಿಂದ ಇಣುಕುತ್ತಿತ್ತು. ಇನ್ನೊಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ನಾನೇ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆನೋ ಏನೋ, ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಎಂದು.

“ನೀವು ಕೋಪದಲ್ಲಿದ್ರಿ ಮೇಡಂ. ಕೋಪದಲ್ಲಿರೋರಿಗೆ ಹೇಳಿದ್ರೆ ಕೇಳಿಸಲ್ಲ. ಬರೆದು ಕೊಟ್ರೆ ಯಾವಾಗಾದ್ರೂ ಓದ್ತಾರೆ ಅಂತ.”

ಯಾವಾಗಾದರೂ!

ಕ್ಷಮಿಸಿ ಅಂದೆ. ಹೂಂ ಅಂದರು. ಅಷ್ಟೇ. ಪರವಾಗಿಲ್ಲ ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ ಅನ್ನಿಸಿತು.

ಆರು ಗಂಟೆ ಐದು ನಿಮಿಷಕ್ಕೆ ಮ್ಯಾಗ್ನೆಟ್ ನಿಂತಿತು.

ಮಾರ್ಚ್ 13, ಶುಕ್ರವಾರ

ಸ್ಟೋರಿನಿಂದ ಅವರನ್ನು ವಾಪಸ್ ಕಳಿಸಿದ್ದಾರೆ. ನನ್ನ ನೌಕರಿ ಜೂನ್‌ವರೆಗೆ ಮಾತ್ರ ಎಂದು ಕಾಗದ ಬಂತು. ಆ ಮುಖ್ಯಸ್ಥರಿಗೆ ನನ್ನ ಕಡೆಯಿಂದ ದೊಡ್ಡ ನಮಸ್ಕಾರ. ಜೂನ್‌ನೊಳಗೆ ಹನ್ನೊಂದು ಗಂಟೆಯನ್ನು ಆರಕ್ಕಾದರೂ ಇಳಿಸಬೇಕು. ಪುಡಿಯನ್ನು ಇನ್ನೂ ನುಣ್ಣಗೆ ಅರೆಯಬೇಕು, ಹರಳನ್ನು ಇನ್ನೂ ಒಣಗಿಸಬೇಕು. ನೋಟ್‌ಬುಕ್ಕಿನಲ್ಲಿ ಒಂದು ಹೊಸ ಅಂಕಣ ಎಳೆದಿದ್ದೇವೆ: ಮ್ಯಾಗ್ನೆಟ್ ಯಾವುದು?

ಸಂಜೆ ಅವರು ಈ ವಾರದ ರಿಪೋರ್ಟು ತಂದು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಳ್ಳುತ್ತಾ ನಿಂತರು. ಮೂರು ಹಾಳೆ. ನಾನು ಎದ್ದು ನಿಂತೇ ಓದಿದೆ. ಮೊದಲ ಪುಟ, ಎರಡನೇ ಪುಟ, ತೂಕ, ಬಿಸಿ, ಕಿಟಕಿ ಮುಚ್ಚಿತ್ತು ಎಂಬುದರವರೆಗೆ ಒಂದೂ ಬಿಡದೆ. ಮೂರನೇ ಪುಟದ ಕೊನೆಯಲ್ಲಿ ಎರಡು ಸಾಲು:

‘ಮೂರು ಸಲವೂ ತೂಗಿದವರು, ಕಾದವರು ಮೇಡಂ ಅವರೇ. ಅವರ ಕೈ ಸರಿಯಿದೆ.’

ಕೆಳಗೆ ಸಹಿ ಹಾಕಿದೆ. ತಾರೀಖು ತಪ್ಪು ಬರೆದೆ, ಹೊಡೆದುಹಾಕಿ ಮತ್ತೊಮ್ಮೆ ಬರೆದೆ.